ನಮ್ಮಪ್ಪನ ಅರ್ಧ ಪ್ರದಕ್ಷಿಣೆ

ನಮ್ಮಪ್ಪ ಕಾಡಪ್ಪ ಛತ್ರಿ ವ್ಯಾಪಾರಿ. ಬಾಗಲಕೋಟೆ ಬಿಟ್ಟು ಬಂದು ಪುಣೆಯ ರವಿವಾರ ಪೇಠೆಯಲ್ಲಿ ಅಂಗಡಿ ಇಟ್ಟಿದ್ದ. ಅವನ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿ: ಛತ್ರಿ ಇದ್ದವರು, ತೊಯ್ಸಿಕೊಳ್ಳುವವರು. ಉಣ್ಣಲು ಕೂತರೂ ಪಕ್ಕದಲ್ಲೊಂದು ಛತ್ರಿ ಇರಲೇಬೇಕು. "ನನ್ನ ಲಗ್ನ ಆಗಿದ್ದು ಛತ್ರಿ ಜೋಡಿ. ಈ ಮನಶ್ಯಾ ಅದರ ಹಿಂದ ಬಂದ ಹಿಡಿಕಿ," ಎಂದು ಅವ್ವ ಕಲ್ಲವ್ವ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಅಪ್ಪನಿಗೆ ಅದು ಹೊಗಳಿಕೆಯಾಗಿ ಕೇಳಿಸುತ್ತಿತ್ತು.

ಇಂಥವನ ಕೈಯಲ್ಲಿ ನನ್ನ ಮದುವೆ ಸಿಕ್ಕಿತು ನೋಡಿ! ಸೊಲ್ಲಾಪುರದ ಸಾಲಿ ಮಾಸ್ತರ ಸಿದ್ರಾಮಪ್ಪನವರು ಮಗನನ್ನು ಕರೆದುಕೊಂಡು ನನ್ನನ್ನು ನೋಡಲು ಬಂದಿದ್ದರು. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು, ಆದರೆ ಕಥೆ ಮುಂದೆ ಹೋಗಬೇಕಲ್ಲ, ಈರಬಸಪ್ಪ. ಗಾಬರಿಯಲ್ಲಿ ನಾನು ಚುರುಮುರಿಯ ಸುಸಲಾಕ್ಕೆ ಎರಡೆರಡು ಸಲ ಉಪ್ಪು ಹಾಕಿದ್ದೆ. ಮಾಸ್ತರರು ಒಂದು ತುತ್ತಿಗೆ ತಾಟು ಸರಿಸಿದರು. ಮಗ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು ಪೂರ್ತಿ ತಿಂದು, "ಭಾಳ ಚಲೋ ಆಗ್ಯಾದ್ರಿ," ಅಂದ. ಮದುವೆಯಾದರೆ ಇವನನ್ನೇ ಎಂದು ನಾನು ಅಲ್ಲೇ ಗಟ್ಟಿ ಮಾಡಿಕೊಂಡೆ.

ಆದರೆ ಮಾಸ್ತರರಿಗೆ ನಮ್ಮ ಅಂಗಡಿ ಹಿಡಿಸಲಿಲ್ಲ. ಛತ್ರಿ ಹೊಲಿಯುವವರ ಮನೆ ಎಂದು ಮೂಗು ಮುರಿದರು. ಆಮೇಲೆ ತಿಳಿಸುತ್ತೇವೆ ಅಂದರು. ಅಪ್ಪ ಸುಮ್ಮನೆ ಬಿಡುವವನೇ? "ಮಾಸ್ತರ, ಕಾರ್ಲೆ ಗುಡ್ಡದೊಳಗ ಭಾರಿ ದೊಡ್ಡ ಲಿಂಗ ಅದ. ನಾಳಿಗೆ ದರ್ಶನ ಮಾಡಸ್ತೇನಿ, ಆಮ್ಯಾಲ ನಿಮ್ಮ ಮಾತ ಹೇಳ್ರಿ," ಎಂದ. ತಾನೇ ಎಂದೂ ಅಲ್ಲಿಗೆ ಹೋದವನಲ್ಲ. ಗುಹೆಯೊಳಗೆ ಗುಂಡಗಿನ ದೊಡ್ಡ ಕಲ್ಲಿದೆ, ಅದರ ತಲೆಯ ಮೇಲೆ ಛತ್ರಿ ಇದೆ ಎಂದು ಯಾರೋ ಗಿರಾಕಿ ಹೇಳಿದ್ದ. ಛತ್ರಿ ಹಿಡಿದ ಶಿವ! ಅಪ್ಪನಿಗೆ ಅಷ್ಟು ಸಾಕಾಯಿತು.

ಮುಂಗಾರಿನ ಮಿರಗದ ಮಳೆಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಎಲ್ಲರೂ ಮಳವಲಿಯಲ್ಲಿ ರೈಲು ಇಳಿದು ಗುಡ್ಡ ಹತ್ತಿದೆವು. ಅಪ್ಪನ ಒಂದು ಕೈಯಲ್ಲಿ ಬಿಲ್ವಪತ್ರಿ, ಇನ್ನೊಂದು ಕೈಯಲ್ಲಿ ಛತ್ರಿ.

ಗುಹೆ ಒಳಗೆ ತಂಪು, ಅರೆಗತ್ತಲು, ಎರಡೂ ಕಡೆ ಕಂಬಗಳ ಸಾಲು, ಕೊನೆಯಲ್ಲಿ ತಲೆಯ ಮೇಲೆ ಛತ್ರಿ ಹೊತ್ತ ಆ ಗುಂಡಗಿನ ಕಲ್ಲು. ಕಂಬದ ಬುಡದಲ್ಲಿ ಕಾವಿ ಉಟ್ಟ ಸಿಂಹಳದ ಭಿಕ್ಷು ಒಬ್ಬರು ಕಣ್ಣು ಮುಚ್ಚಿ ಕೂತಿದ್ದರು. ಅಪ್ಪ ತಲೆಯೆತ್ತಿ ನೋಡಿದ. ಕಮಾನಿನ ಚಾವಣಿಗೆ ಉದ್ದಕ್ಕೂ ಬಾಗಿದ ಕಟ್ಟಿಗೆಯ ಪಟ್ಟಿಗಳು.

"ಅಬಬಬ! ಕಡ್ಡಿ ನೋಡ್ರಿ ಮಾಸ್ತರ! ದೇವರು ಛತ್ರಿ ಒಳಗ ಕುಂತಾನ, ಮ್ಯಾಲ ಮತ್ತೊಂದು ಛತ್ರಿ ಹಿಡದಾನ!"

ಭಿಕ್ಷುಗಳು ಒಂದು ಕಣ್ಣು ತೆರೆದರು.

"ಕಾಡಪ್ಪನವರ, ಇದು ಲಿಂಗ ಅಲ್ರಿ. ಬೌದ್ಧರ ಸ್ತೂಪ," ಅಂದರು ಮಾಸ್ತರರು.

"ಹಂಗಾರ ತೆಲಿ ಮ್ಯಾಲ ಛತ್ರಿ ಯಾಕ ಅದ, ಹೇಳ್ರಿ ನೋಡೋಣು."

ಮಾಸ್ತರರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಅವರ ಜಾಯಮಾನದಲ್ಲೂ ಇರಲಿಲ್ಲ. ನೇರ ಪ್ರದಕ್ಷಿಣೆಗೆ ಹೊರಟರು. ಅಪ್ಪ ಓಡಿ ಅವರಿಗಿಂತ ಮುಂದೆ ಹೋದ.

ಇಲ್ಲೇ ಆದದ್ದು ಅನಾಹುತ. ಶಿವನಿಗೆ ನಮ್ಮವರು ಪೂರ್ತಿ ಸುತ್ತು ಹಾಕುವುದಿಲ್ಲ. ಅಭಿಷೇಕದ ನೀರು ಹರಿದುಹೋಗುವ ಹರಿನಾಳ ದಾಟಬಾರದು, ಅಲ್ಲಿಯವರೆಗೆ ಹೋಗಿ ಬಂದ ದಾರಿಯಲ್ಲೇ ಹಿಂದಿರುಗಬೇಕು. ಇಲ್ಲಿ ಹರಿನಾಳ ಎಲ್ಲಿಂದ ಬರಬೇಕು? ಹಿಂದುಗಡೆ ಎಲ್ಲೋ ಇರಬೇಕು ಅಂದುಕೊಂಡ ಅಪ್ಪ ಕತ್ತಲೆಯಲ್ಲಿ ತಡವರಿಸಿ, ಲೆಕ್ಕಕ್ಕೆ ಅರ್ಧವಾಯಿತು ಎಂದು ಗರ್ರನೆ ತಿರುಗಿದ. ಹಿಂದೆಯೇ ಮಾಸ್ತರರು ಬಿರುಸಿನಿಂದ ಬರುತ್ತಿದ್ದರು.

ಠಪ್!

ಛತ್ರಿ ಬಿಚ್ಚಿಕೊಂಡಿತು. ಮಾಸ್ತರರ ರುಮಾಲು ಅದರ ಕಡ್ಡಿಗೆ ಸಿಕ್ಕಿ ಮೇಲಕ್ಕೇರಿತು. ಇಬ್ಬರೂ ಹಣೆ ಹಿಡಿದುಕೊಂಡು ಬೆಳಕಿಗೆ ಬಂದರು.

"ತಿರುಗಿ ಯಾಕ ಬಂದ್ರಿ?"

"ನೀವ್ಯಾಕ ಹರಿನಾಳ ದಾಟಾಕ ಹೊಂಟಿದ್ರಿ?"

"ಎಲ್ಲಿ ಅದ ರೀ ಹರಿನಾಳ?"

"ಹುಡಕಾಕ ಬಿಟ್ರಿ ಏನು ನೀವು!"

ಬರಿದಲೆಯ ಮಾಸ್ತರರು ಕೆಂಡವಾದರು. "ಸುತ್ತು ಹಾಕೂದು ತಿಳಿಯದವರ ಮನಿ ಹೆಣ್ಣು ನಮಗ ಬ್ಯಾಡ. ನಡಿಯೋ ಈರ್‍ಯಾ!"

ಎರಡು ಹಣೆ ಬಡಿದದ್ದಕ್ಕೆ ನನ್ನ ಹಣೆಬರಹ ಯಾಕೆ ಅಳಿಸಬೇಕು? ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಆ ಸಾಮಿಗಳನ್ನ ಕೇಳ್ರಿ ಒಮ್ಮೆ!" ಎಂದು ದೊಡ್ಡವರ ನಡುವೆ ಒದರಿಬಿಟ್ಟೆ. ಗುಹೆಯೆಲ್ಲ ಗಂಯ್ ಎಂದಿತು.

ಭಿಕ್ಷುಗಳು ನಗು ತಡೆದುಕೊಂಡು, ಮುರುಕು ಮರಾಠಿಯಲ್ಲಿ ಹೇಳಿದರು. ಇದು ಸ್ತೂಪ. ಬಲಕ್ಕೆ ಇಟ್ಟುಕೊಂಡು ಪೂರ್ತಿ ಸುತ್ತಬೇಕು. ಮಾಸ್ತರರು ಎದೆ ಸೆಟೆಸಿದರು, ಅಪ್ಪ ಕುಗ್ಗಿದ. ಈ ಗುಮ್ಮಟಕ್ಕೆ ಅಂಡ ಅನ್ನುತ್ತಾರೆ, ಅಂದರೆ ಮೊಟ್ಟೆ, ಹೊಸ ಬಾಳು ಅದರೊಳಗಿದೆ. ಮೇಲಿನ ಚೌಕ ಪೀಠ ದೇವಲೋಕದ ಗುರುತು.

"ಮತ್ತ ಛತ್ರಿ, ಸಾಮಿ?" ಅಪ್ಪ ಮೆಲ್ಲಗೆ ಕೇಳಿದ.

"ಯಾರನ್ನು ದೊಡ್ಡವರೆಂದು ಒಪ್ಪುತ್ತೇವೋ ಅವರ ತಲೆಯ ಮೇಲೆ ಹಿಡಿಯುವುದು. ಅದು ಮರ್ಯಾದೆ."

ಅಪ್ಪ ಕಡ್ಡಿಯಿಂದ ರುಮಾಲು ಬಿಡಿಸಿ ಮಾಸ್ತರರ ತಲೆಗಿಟ್ಟ. ಆಮೇಲೆ ಹನಿ ಮಳೆ ಬೀಳದ ಆ ಗುಹೆಯೊಳಗೆ ಅವರ ಮೇಲೆ ಛತ್ರಿ ಹಿಡಿದು ನಿಂತ.

"ಏನ್ರಿ ಇದು?"

"ಸುತ್ತಿನ ವಿಷಯದಾಗ ನೀವು ದೊಡ್ಡವರು. ಒಪ್ಪಿದೆ."

ಮಾಸ್ತರರು ಎಡಕ್ಕೆ ಸರಿದರು, ಛತ್ರಿಯೂ ಎಡಕ್ಕೆ ಸರಿಯಿತು. ಕಂಬದ ಹಿಂದೆ ಹೋದರು, ಅಲ್ಲಿಗೂ ಬಂತು. ಗುಹೆ ನೋಡಲು ಬಂದ ಜನ ಮಳೆ ಬಂತೇನೋ ಎಂದು ಹೊರಗೆ ಇಣುಕಿ ನೋಡತೊಡಗಿದರು. ಮೆಟ್ಟಿಲು ಇಳಿಯುವಾಗ ಮಳೆ ನಿಜವಾಗಿಯೂ ಹೊಯ್ದಿತು. ಅಪ್ಪ ತಾನು ತೊಪ್ಪೆಯಾಗಿ ತೊಯ್ದರೂ ಛತ್ರಿಯನ್ನು ತನ್ನ ಕಡೆ ಬೆರಳಷ್ಟೂ ಸರಿಸಲಿಲ್ಲ. ಹುಟ್ಟಿದ ಮೇಲೆ ಅವನು ಮಳೆಯಲ್ಲಿ ತೊಯ್ದದ್ದು ಅದೇ ಮೊದಲು.

ಅರ್ಧ ಗುಡ್ಡಕ್ಕೆ ಮಾಸ್ತರರು ಸೋತರು. "ಬೀಗರ, ನೀವೂ ಒಳಗ ಬರ್ರಿ. ಲಗ್ನ ಮಾಡೂಣಂತ."

ಮಂಟಪದಲ್ಲೂ ಅಪ್ಪ ಬೀಗರ ತಲೆಯ ಮೇಲೆ ಛತ್ರಿ ಹಿಡಿದೇ ಓಡಾಡಿದ. ಅವ್ವ ತಲೆತಲೆ ಬಡಿದುಕೊಂಡಳು. ಈರಬಸಪ್ಪ ಇವತ್ತಿಗೂ ನಾನು ಉಪ್ಪು ಮರೆತ ದಿನ ಮಾತ್ರ ಗೊಣಗುತ್ತಾನೆ.

ಎರಡನೇ ಮಹಾಯುದ್ಧ ಮುಗಿದ ವರ್ಷದ ಬೇಸಿಗೆಯಲ್ಲಿ ಅಪ್ಪ ತೀರಿಹೋದ. ಬೆಂಕಿಯಂಥ ಬಿಸಿಲು. ಮುದುಕರಾಗಿದ್ದ ಮಾವನವರು ಸೊಲ್ಲಾಪುರದಿಂದ ಬಂದವರೇ ಅಂಗಡಿಯಿಂದ ಒಂದು ಛತ್ರಿ ತಂದು ಬಿಚ್ಚಿದರು. ರುದ್ರಭೂಮಿಯವರೆಗೂ ಅಪ್ಪನ ತಲೆಯ ಮೇಲೆ ತಾವೇ ಹಿಡಿದರು, ಇನ್ನೊಬ್ಬರ ಕೈಗೆ ಕೊಡಲಿಲ್ಲ. ಮಣ್ಣು ಕೊಟ್ಟಾದ ಮೇಲೆ ಎಲ್ಲರೂ ಸಮಾಧಿಗೆ ಸುತ್ತು ಬರತೊಡಗಿದರು, ಮುಂದೆ ಮಾವನವರು. ಅರ್ಧಕ್ಕೆ ಹೋದವರು ಗಕ್ಕನೆ ನಿಂತು ತಿರುಗಿದರು. ಹಿಂದೆ ಬರುತ್ತಿದ್ದ ಮಗನ ಹಣೆಗೆ ಅವರ ಹಣೆ ಠಪ್ ಎಂದು ಬಡಿಯಿತು.

"ಯಾಕ್ರಿ ಅಪ್ಪಾ, ತಿರುಗಿದ್ರಿ?"

"ಹಿಂದ ಸರಿಯೋ," ಅಂದರು ಮಾವ, ಕಣ್ಣೊರೆಸಿಕೊಳ್ಳುತ್ತ. "ಕಾಡಪ್ಪನವರಿಗೆ ಅರ್ಧಾ ಸುತ್ತು."