ದಂಡೆಯ ಮೇಲೆ ಕೂತ ವೈನಿ

ಸೃಷ್ಟಿ, ಪ್ರಜ್ವಲ, ನೀವು ಅಂಡಮಾನದಿಂದ ಬಂದ ಮರುದಿನ ನಿಮ್ಮ ಬ್ಯಾಗು ಬಿಚ್ಚಿ ಅರಿವೆ ತೊಳೆಯಲು ಕೂತಿದ್ದೆ. ಹಸಿಯಾಗಿಯೇ ಸುತ್ತಿಟ್ಟಿದ್ದ ಈಜುವ ಬಟ್ಟೆಯಿಂದ ಉಪ್ಪುನೀರಿನ ವಾಸನೆ ಬಂತು. ಬಕೆಟ್ಟಿಗೆ ಹಾಕಲು ಹೋದ ಕೈ ಅಲ್ಲೇ ನಿಂತಿತು. ಅವತ್ತು ಊಟಕ್ಕೆ ಕೂತಾಗ ನೀವು ಸಮುದ್ರದೊಳಗಿನ ಮೀನಿನ ಸುದ್ದಿ ಹೇಳುತ್ತಿದ್ದಿರಿ, ನಾನು ಅರ್ಧಕ್ಕೇ ಎದ್ದು ಹೋದೆ. ಸಿಟ್ಟು ಬಂದಿತ್ತು, ಆದರೆ ನಿಮ್ಮ ಮೇಲೆ ಅಲ್ಲ. ಎದುರಿಗೆ ಕೂತು ಹೇಳುವುದು ನಿಮ್ಮ ಈ ಅಜ್ಜಿಯಿಂದ ಆಗದು, ಅದಕ್ಕೆ ಬರೆಯುತ್ತಿದ್ದೇನೆ.

ರಾಯಬಾಗ ತಾಲೂಕಿನ ಹೊಳೆದಂಡೆಯ ನಮ್ಮ ಈ ಊರಿನಲ್ಲಿ ಪಕ್ಕದ ಮನೆಯವರನ್ನು, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ, ನಾನು ವೈನಿ ಎನ್ನುತ್ತಿದ್ದೆ. ಜೈನರ ಮನೆತನ, ಕಬ್ಬಿನ ಹೊಲ. ನನಗಿಂತ ಎಂಟು ವರ್ಷ ದೊಡ್ಡವರು. ಕೃಷ್ಣೆಯ ನಡುಗಡ್ಡೆಯಲ್ಲಿ ಬೆಳೆಯುವ ಹುಲ್ಲಿಗಾಗಿ ಅವರು ಸೀರೆಯನ್ನು ಬಿಗಿಯಾಗಿ ಕಚ್ಚೆ ಹಾಕಿ, ಕುಡುಗೋಲನ್ನು ಸೊಂಟಕ್ಕೆ ಸಿಗಿಸಿ ಹೊಳೆಗೆ ಇಳಿಯುತ್ತಿದ್ದರು. ಬರುವಾಗ ಹುಲ್ಲಿನ ಹೊರೆಯನ್ನು ನೀರಿನ ಮೇಲೆ ಮುಂದೆ ತಳ್ಳುತ್ತಾ ಈಜಿ ಬರುತ್ತಿದ್ದರು. ಒಮ್ಮೆ ಮಹಾಪೂರ ಬಂದು ಅವರ ಎಮ್ಮೆ ಕೊಚ್ಚಿಕೊಂಡು ಹೋಗುತ್ತಿತ್ತು. ಗಂಡಸರು ದಂಡೆಯ ಮೇಲೆ ನಿಂತು ಹಗ್ಗ ಎಲ್ಲಿ, ಹಗ್ಗ ಎಲ್ಲಿ ಎನ್ನುತ್ತಿರುವಾಗ ವೈನಿ ಜಿಗಿದು ಅದರ ಬಾಲ ಹಿಡಿದು, ಕೆಳಗಿನ ಊರಿನ ಹತ್ತಿರ ದಡ ಹತ್ತಿಸಿದರು. ನಾನು ಮೊಣಕಾಲು ನೀರಿನಲ್ಲೂ ನಡುಗುವವಳು. ನನಗೆ ಈಜು ಕಲಿಸಲು ಹೋಗಿ ಸೋತು, ನಿನಗಿಂತ ನಮ್ಮ ಎಮ್ಮಿ ಶಾಣೇದು ಅಂತ ನಗುತ್ತಿದ್ದರು...

ನಿಮ್ಮ ಅಜ್ಜ ತೀರಿಕೊಂಡ ಎರಡನೆಯ ವರ್ಷ, ಊರಿನ ಹೆಣ್ಣುಮಕ್ಕಳು ಗಂಡಸರು ಸೇರಿ ಇಪ್ಪತ್ತು ಮಂದಿ ಟೂರಿನಲ್ಲಿ ಅಂಡಮಾನಕ್ಕೆ ಹೊರಟರು. ವೈನಿ ನನ್ನನ್ನೂ ಎಳೆದುಕೊಂಡರು. ಅಲ್ಲಿ ಏನೇನು ಆಡಿಸುತ್ತಾರೆ ಎಂದು ಟೂರಿನವ ಒಂದು ಹಾಳೆ ಕೊಟ್ಟಿದ್ದ. ಗಾಜಿನ ತಳದ ದೋಣಿ, ನೀರಿನ ಮೇಲೆ ಓಡುವ ಗಾಡಿ, ಕನ್ನಡಕ ಹಾಕಿಕೊಂಡು ಮೀನು ನೋಡುತ್ತಾ ತೇಲುವುದು. ವೈನಿ ಅದನ್ನು ನನ್ನಿಂದ ಮೂರು ಸಲ ಓದಿಸಿದರು. ಗಾಡಿ ದೋಣಿ ಏನೂ ಬೇಡ, ಒಂದು ಸಲ ಆ ನೀರಿನಲ್ಲಿ ಈಜಬೇಕು ಎಂದರು. ಜೀವಮಾನದಲ್ಲಿ ಅವರು ತಮಗಾಗಿ ಏನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೊಂದೇ.

ಅಲ್ಲಿಯ ಒಂದು ದ್ವೀಪದ ದಂಡೆಗೆ ಹೋದಾಗ ಉಳಿದವರೆಲ್ಲ ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡರು. ವೈನಿ ಕಚ್ಚೆ ಬಿಗಿದು ನಿಂತರು. ಟೂರಿನವ ಸಾಂಗ್ಲಿ ಕಡೆಯ ಹುಡುಗ. ಅವರನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ಆಜೀ, ತುಮ್ಹಿ ಇಥೇಚ ಬಸಾ," ಎಂದ. ಅಜ್ಜಿ, ನೀವು ಇಲ್ಲೇ ಕೂತಿರಿ ಅಂತ. ಅರವತ್ತು ದಾಟಿದವರು ಇಳಿಯಬೇಕಾದರೆ ಮನೆಯವರ ಒಪ್ಪಿಗೆ ಬೇಕಂತೆ. ಅಥಣಿಯಲ್ಲಿದ್ದ ಮಗನಿಗೆ ಫೋನು ಹಚ್ಚಿಸಿದರು. ಅವನ ದನಿ ನನಗೂ ಕೇಳಿಸಿತು.

"ಅವ್ವಾ, ಈ ವಯಸ್ಸಿನಾಗ ಮಂದಿ ಮುಂದ ತೊಯ್ದ ಸೀರಿ ಉಟ್ಕೊಂಡ ನಿಲ್ತೀ ಏನು? ಸುಮ್ಮ ಕುಂದ್ರು. ಸಮುದ್ರ ನೋಡಾಕ ಕಳಸೇನಿ, ನೋಡ್ಕೊಂಡ ಬಾ."

ವೈನಿ ಫೋನು ತಿರುಗಿ ಕೊಟ್ಟರು. ಆ ಹುಡುಗನಿಗೆ ಪಾಪ ಅನಿಸಿತೋ ಏನೋ, ಜೊತೆಗೆ ಬಂದವರು ಯಾರಾದರೂ ಜವಾಬ್ದಾರಿ ತಗೊಂಡು ಸಹಿ ಮಾಡಿದರೂ ನಡೆಯುತ್ತದೆ ಅಂದ. ಫಾರ್ಮು, ಪೆನ್ನು ನನ್ನ ಕೈಗೆ ಕೊಟ್ಟ.

"ಮಾಡ ಬೇ ಒಂದ್ ಸಹಿ," ಎಂದರು ವೈನಿ. "ನಾ ಏನ್ ಮುಳುಗೂದಿಲ್ಲ."

ನನಗೆ ಸಹಿ ಬರುತ್ತಿತ್ತು. ಊರ ಸಾಲೆಯಲ್ಲಿ ಏಳನೇ ಇಯತ್ತೆಯ ತನಕ ಕಲಿತಿದ್ದೆ. ಅವರು ಮುಳುಗುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾಳೆ ಅವರ ಮಗ ಕೇಳಿದರೆ ಏನು ಹೇಳಲಿ ಅನಿಸಿತು.

"ಮಗಾ ಬ್ಯಾಡ ಅಂದಾನಲ್ರಿ ವೈನಿ," ಎಂದು ಪೆನ್ನು ಕೆಳಗಿಟ್ಟೆ.

ಅವರು ಕಚ್ಚೆ ಬಿಚ್ಚಿ ಸೀರೆಯ ನಿರಿಗೆ ಸರಿ ಮಾಡಿಕೊಂಡು ಉಸುಕಿನಲ್ಲಿ ಕೂತರು. ಅಜ್ಜಿ ನನ್ನ ಫೋನು, ಅಜ್ಜಿ ನನ್ನ ಚಪ್ಪಲಿ ಎಂದು ಎಲ್ಲರ ಗಂಟು ಅವರ ಸುತ್ತ ಬಂದು ಬಿತ್ತು. ಹೊಳೆದಂಡೆಯಲ್ಲೇ ಹುಟ್ಟಿ ಈಜು ಬಾರದ ಗಂಡಸರು ಜಾಕೀಟಿನಲ್ಲಿ ಕೈಕಾಲು ಬಡಿಯುತ್ತಾ ಕೂಗುತ್ತಿದ್ದರು, ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ನೋಡ್ ಅಲ್ಲೆ, ಬುರುಡಿ ತೇಲಾಕತ್ತಾವು," ಎಂದರು ಸ್ವಲ್ಪ ಹೊತ್ತಿನ ಮೇಲೆ. ಈಜು ಕಲಿಯುವ ಹುಡುಗರು ಬೆನ್ನಿಗೆ ಕಟ್ಟಿಕೊಳ್ಳುವ ಸೋರೆಬುರುಡೆಯ ಹೋಲಿಕೆ, ನಗಿಸಲೆಂದೇ ಅಂದರು. ನನಗೆ ನಗಲು ಆಗಲಿಲ್ಲ. ಸಂಜೆಯ ತನಕ ಇಬ್ಬರೂ ಚಪ್ಪಲಿ ಕಾಯ್ದೆವು. ಹೊತ್ತು ಮುಳುಗುವ ಮುಂಚೆ ಉಣ್ಣುವುದು ಅವರ ನೇಮ. ಅವತ್ತು ಕಟ್ಟಿಕೊಂಡು ಬಂದ ಬುತ್ತಿಯನ್ನು ಬಿಚ್ಚಲೇ ಇಲ್ಲ.

ಊರಿಗೆ ಬಂದ ಮೇಲೆ ಆ ವಿಷಯ ಎತ್ತಲಿಲ್ಲ. ಮೊದಲಿನಂತೆಯೇ ಮಜ್ಜಿಗೆ ತಂದು ಕೊಟ್ಟರು, ಹರಟೆಗೆ ಕೂತರು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಎರಡು ವರ್ಷಕ್ಕೆ ಹಾಸಿಗೆ ಹಿಡಿದಾಗ ಅವರ ಕೈ ಹಿಡಿದು, ತಪ್ಪಾಯಿತ್ರಿ ಅನ್ನಬೇಕೆಂದು ಹೋಗಿ ಕೂತೆ. ಹೊದಿಕೆ ಸರಿ ಮಾಡಿ, ಗಂಜಿ ಕುಡಿದಿರೇನು ಎಂದು ಕೇಳಿದೆ. ಅವರೇ ಕಣ್ಣು ತೆರೆದು, "ಆ ನೀರಿನ ತಳ ಕಾಣ್ತಿತ್ತಲ್ಲ ಬೇ," ಎಂದರು. ಅಷ್ಟೇ...

ಅವರು ಹೋದ ಮೂರನೆಯ ದಿನ ಮಾತಾಡಿಸಲು ಬಂದವರಿಗೆಲ್ಲ ಮಗ ಹೇಳುತ್ತಿದ್ದ: ಅವ್ವನ ಮನಸ್ಸಿನಾಗ ಏನೂ ಉಳದಿಲ್ಲ, ಸಮುದ್ರಾನೂ ತೋರಸೇನಿ. ಬಂದವರು ಪುಣ್ಯವಂತಿ ಎಂದು ತಲೆಯಾಡಿಸುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು. ಸುಳ್ಳು ಎಂದು ಕೂಗಬೇಕಿತ್ತು. ನೀನು ಕೂಡಿಸಿದೆ, ನಾನು ಕೂಡಿಸಿದೆ, ನಾವಿಬ್ಬರೂ ಸೇರಿ ಅವರನ್ನು ಚಪ್ಪಲಿ ಕಾಯಲು ಕೂಡಿಸಿದೆವು ಅನ್ನಬೇಕಿತ್ತು. ನಾನು ಸೆರಗು ಬಾಯಿಗೆ ಹಿಡಿದು ಕೂತೆ. ಅಳುತ್ತಿದ್ದೇನೆ ಎಂದುಕೊಂಡು ಅವನೇ ನನಗೆ ಸಮಾಧಾನ ಹೇಳಿದ.

ಈಗ ಪಕ್ಕದ ಮನೆಯಲ್ಲಿ ಆ ಮಗ ಇದ್ದಾನೆ. ನಿಮಗೆ ಕಾಕಾ, ಒಳ್ಳೆಯವನೇ. ನೀವು ಅಂಡಮಾನಕ್ಕೆ ಹೋಗಿ ಬಂದ ಸುದ್ದಿ ಕೇಳಿ ಮೊನ್ನೆಯೂ ಕಟ್ಟೆಗೆ ಕೂತು ಅದೇ ಮಾತು ಹೇಳಿದ, ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋದೆ. ವೈನಿಯಂಥವರು ನನಗೆ ಮತ್ತೆ ಸಿಗಲಿಲ್ಲ, ಸಿಗುವುದೂ ಇಲ್ಲ. ಈ ಹಾಳೆಗಳನ್ನು ಎಲ್ಲೋ ಒಗೆಯಬೇಡಿ, ಜೋಪಾನವಾಗಿ ಇಡಿ. ನಾನು ಹೋದ ಮೇಲೆ ಅವನು ಸಮುದ್ರ ತೋರಿಸಿದ ಮಾತನ್ನು ಮತ್ತೆ ಎತ್ತಿದರೆ, ಅವನ ಎದುರಿಗೇ ಇದನ್ನು ಗಟ್ಟಿಯಾಗಿ ಓದಿ. ನಾನು ಪೆನ್ನು ಕೆಳಗಿಟ್ಟ ಮಾತು ಬಂದಲ್ಲೂ ದನಿ ತಗ್ಗಿಸಬೇಡಿ.