ಫಳಫಳಕ್ಕನ ಬೆಳ್ಳಿ ನಾಣ್ಯ

ನನ್ನದು ಹಳೆಯ ನಾಣ್ಯದ ಅಂಗಡಿ. ಮೆಟ್ಟಿಲ ಕೆಳಗಿನ ಜಾಗ; ಇಬ್ಬರು ಗಿರಾಕಿಗಳು ಬಂದರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ: ‘ನಾಣ್ಯ ಉಜ್ಜಬೇಡಿ, ತೊಳೆಯಬೇಡಿ.’ ಯಾರೂ ಓದುವುದಿಲ್ಲ. ಓದುವ ಹೊತ್ತಿಗೆ ಉಜ್ಜಿಕೊಂಡೇ ಬಂದಿರುತ್ತಾರೆ, ಮಹಾನುಭಾವರು. ಅದು ಕೊಳೆಯಲ್ಲ ಸ್ವಾಮಿ, ನೂರು ವರ್ಷ ಕೂತು ಬೆಳ್ಳಿಗೆ ಬಂದ ಬಣ್ಣ, ಉಜ್ಜಿದರೆ ಮೈಯೆಲ್ಲ ಗೀರು ಬೀಳುತ್ತದೆ, ಸಂಗ್ರಹಿಸುವವರು ಅಂಥದ್ದನ್ನು ಕೈಯಲ್ಲೂ ಮುಟ್ಟುವುದಿಲ್ಲ ಅಂತ ಇಪ್ಪತ್ತಾರು ವರ್ಷದಿಂದ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಅಂಗಡಿ ಮುಚ್ಚಿದ ಮೇಲೆ ಯಾರಾದರೂ ನಾಣ್ಯದ ಸುದ್ದಿ ಎತ್ತಿದರೆ ಮೈ ಉರಿಯುತ್ತದೆ.

ಈಗ ನಮ್ಮಕ್ಕನ ವಿಷಯ. ದೊಡ್ಡ ಹೋಟೆಲೊಂದರ ಹಿಂಬದಿ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷದಿಂದ ಚಮಚ, ತಟ್ಟೆ ಉಜ್ಜುತ್ತಾಳೆ. ಅಲ್ಲಿನ ಮೇಸ್ತ್ರಿಯ ಪರೀಕ್ಷೆ ಒಂದೇ. ಚಮಚ ಎತ್ತಿ ಹಿಡಿದು ಅದರಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಾನೆ. ಕಂಡರೆ ಪಾಸು, ಕಾಣದಿದ್ದರೆ ಇಡೀ ಬುಟ್ಟಿ ವಾಪಸ್ಸು. ಅಕ್ಕನ ಬುಟ್ಟಿ ಒಂದು ಸಲವೂ ವಾಪಸ್ಸು ಬಂದಿಲ್ಲ. ನಮ್ಮ ಮನೆಗೆ ಬಂದರೂ ಅಷ್ಟೇ, ಕೂರುವ ಮೊದಲು ನಲ್ಲಿ ಉಜ್ಜುತ್ತಾಳೆ. ಅದಕ್ಕೇ ಮನೆಮಂದಿಗೆಲ್ಲ ಅವಳು ಫಳಫಳಕ್ಕ. ಆದರೆ ಸೋಡಾಪುಡಿಯೂ ಬಿಸಿನೀರೂ ಅವಳ ಕೈಯನ್ನು ತಿಂದುಹಾಕಿವೆ. ಬೆರಳ ಸಂದಿಯಲ್ಲಿ ಚರ್ಮ ಬಿರಿದು ರಕ್ತ ಜಿನುಗುತ್ತದೆ. ‘ಇನ್ನೂ ನೀರಲ್ಲಿ ಕೈ ಇಡೋದಾದ್ರೆ ನನ್ನ ಹತ್ರ ಬರ್ಲೇಬೇಡಿ’ ಎಂದು ಡಾಕ್ಟರು ಗದರಿಸಿದ್ದರು.

ಕೆಲಸ ಬಿಡಲು ಅವಳಿಗೆ ಇದ್ದದ್ದು ಒಂದೇ ದಾರಿ. ಭಾವ ಬಸ್ ಕಂಡಕ್ಟರ್ ಆಗಿದ್ದರು. ಯಾರೋ ಮುದುಕಿ ಟಿಕೆಟ್ಟಿಗೆಂದು ಕೊಟ್ಟ, ಕಪ್ಪಗಾದ ಹಳೆಯ ಬೆಳ್ಳಿ ನಾಣ್ಯವೊಂದನ್ನು, ತಮ್ಮ ಜೇಬಿನ ದುಡ್ಡು ಚೀಲಕ್ಕೆ ಹಾಕಿ, ಎತ್ತಿಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ತಗಡಿನ ಡಬ್ಬಿಯಲ್ಲಿ ಅದನ್ನು ನೋಡಿ ಜೇಬಿನಿಂದ ಭೂತಗನ್ನಡಿ ತೆಗೆದೆ. ಒಂದು ಅಕ್ಷರವೂ ಸವೆದಿಲ್ಲ. ಅದರ ಮೇಲೆ ಅಚ್ಚಾಗಿದ್ದ ವರ್ಷದ್ದು ಸಿಗುವುದೇ ಅಪರೂಪ. ‘ಅಕ್ಕಾ, ಇದು ನಿನ್ನ ಐದು ವರ್ಷದ ಸಂಬಳ, ಜೋಪಾನ’ ಅಂದೆ. ಜೋಪಾನ ಅಂದೆ, ಉಜ್ಜಬೇಡ ಅನ್ನಲಿಲ್ಲ.

ಕಳೆದ ತಿಂಗಳು ಅದಕ್ಕೆ ಒಳ್ಳೆಯ ಗಿರಾಕಿ ಸಿಕ್ಕರು, ನಿವೃತ್ತ ಮೇಷ್ಟ್ರು. ಅಕ್ಕ ಅವತ್ತೇ ಹೋಗಿ, ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಮೇಸ್ತ್ರಿಗೆ ಹೇಳಿಬಿಟ್ಟಳು. ಆಮೇಲೆ, ನಾನು ಅಂಗಡಿಯ ಬಾಗಿಲು ಎಳೆಯುತ್ತಿದ್ದಾಗ ಫೋನ್ ಮಾಡಿದಳು.

‘ಅದನ್ನ ಹೇಗೆ ತರ್ಲೋ? ಏನಾದ್ರೂ ಮಾಡ್ಬೇಕಾ?’

ಅವತ್ತು ಬೆಳಗ್ಗಿನಿಂದ ಏಳು ಜನರಿಗೆ ಅದೇ ಪಾಠ ಹೇಳಿದ್ದೆ. ಇನ್ನೊಂದು ಮಾತು ಆಡಲು ತ್ರಾಣವಿರಲಿಲ್ಲ. ‘ಸುಮ್ನೆ ತಗೊಂಡು ಬಾರಕ್ಕ, ತಲೆ ತಿನ್ಬೇಡ’ ಎಂದು ಫೋನ್ ಇಟ್ಟೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ನಾನೇ.

ಶನಿವಾರ ಬೆಳಗ್ಗೆ ಬಂದಳು. ಮೇಷ್ಟ್ರು ಆಗಲೇ ಸ್ಟೂಲಿನ ಮೇಲೆ ಕೂತಿದ್ದರು. ಅಕ್ಕ ಕರವಸ್ತ್ರದ ಗಂಟು ಬಿಚ್ಚಿ ನಾಣ್ಯವನ್ನು ಗಾಜಿನ ಮೇಲೆ ಇಟ್ಟಳು. ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು.

‘ನೋಡೋ, ನಿನ್ನ ಮೀಸೆ ಕಾಣುತ್ತೆ!’

ಮೇಷ್ಟ್ರು ಭೂತಗನ್ನಡಿಯಲ್ಲಿ ಒಂದು ಕಡೆ ನೋಡಿದರು. ಇನ್ನೊಂದು ಕಡೆ ತಿರುಗಿಸಲೇ ಇಲ್ಲ. ‘ಬರ್ತೀನಿ ಸ್ವಾಮಿ’ ಎಂದು ಕೊಡೆ ತೆಗೆದುಕೊಂಡು ಹೊರಟರು.

‘ಯಾಕೋ? ಏನಾಯ್ತು?’

‘ಯಾಕಕ್ಕಾ ಉಜ್ಜಿದೆ?’

‘ಮತ್ತೆ? ಕಪ್ಪು ಹಿಡಿದದ್ದನ್ನ ಹಾಗೇ ತಂದಿಡೋದಾ? ನಾಲ್ಕು ಜನ ಬರೋ ಅಂಗಡಿ. ಇವನ ಅಕ್ಕ ಇಂಥ ಕೊಳಕಿ ಅಂತ ನೋಡ್ದೋರು ಅಂದ್ರೆ ನಿನ್ನ ಮಾನ ಏನಾಗ್ಬೇಕು? ಎರಡು ದಿನ ಉಜ್ಜಿದ್ದೀನಿ ಕಣೋ.’

ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದೆ. ಅವಳ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಬಂದವರಿಗೆಲ್ಲ ಹೇಳುವುದನ್ನೇ ನಿಧಾನವಾಗಿ ಅವಳಿಗೂ ಹೇಳಿದೆ. ಅವಳು ತಲೆಯೆತ್ತಿ ಗೋಡೆಯ ಬರಹವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

‘ಈಗ ಎಷ್ಟು ಬರುತ್ತೆ?’

‘ಬೆಳ್ಳಿಯ ತೂಕದ್ದು. ಒಂದು ವಾರದ ಸಂಬಳ ಅಂದ್ಕೋ.’

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಗೋಳಾಡುತ್ತಾಳೆ, ಇಲ್ಲ ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನಾಣ್ಯವನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿದಳು.

‘ನಮ್ಮನೇಲೇ ಇದ್ಬಿಡಕ್ಕ. ಕೆಲಸಕ್ಕೆ ಹೋಗ್ಬೇಡ.’

‘ನಿನ್ನ ಸಂಸಾರವೇ ನಿಂಗೆ ಸಾಕಾಗಿದೆ, ಸುಮ್ನಿರು. ಮೊದ್ಲು ಆ ಮೇಸ್ತ್ರಿಗೆ ಫೋನ್ ಮಾಡು. ನಾನು ಕೆಲಸ ಬಿಡಲ್ಲ ಅಂತ ಹೇಳು. ಬೇರೆಯವರನ್ನ ಇಟ್ಕೊಂಡ್ಬಿಟ್ಟಾರು.’

ಮಾಡಿದೆ. ಮೇಸ್ತ್ರಿಯ ಗಂಟಲು ದೊಡ್ಡದು, ಇಡೀ ಅಂಗಡಿಗೆ ಕೇಳಿಸಿತು. ‘ಬರ್ಲಿ ಬರ್ಲಿ! ಅವರಷ್ಟು ಚೆನ್ನಾಗಿ ಉಜ್ಜೋರು ನಂಗೆ ಎಲ್ಲಿ ಸಿಗ್ತಾರೆ?’