ಸಾಕು ಎಂದ ಮೇಲಿನ ಮೂರು ಎಣಿಕೆ

ಸವಿತಾ, ನೀನು ಸಾಕು ಎಂದದ್ದು ನನಗೆ ಕೇಳಿಸಿತ್ತು. ಕೇಳಿಸಿದ ಮೇಲೂ ನಿನ್ನ ಕಾಲು ಬಿಡಲಿಲ್ಲ — ಮೂರು ಎಣಿಕೆಯಷ್ಟು ಹೊತ್ತು, ಬೇಕೆಂದೇ, ಇನ್ನೂ ಒತ್ತಿದೆ. ಏಳು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ನಿನ್ನ ಮುಖ ನೋಡಿಕೊಂಡು ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದು ಬೇಡ. ನಿನ್ನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಆಗ ನಾವು ಎಂಟು ಜನ ಹುಡುಗಿಯರು ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆಂದು ಚಾಮರಾಜನಗರದ ಮೈದಾನದಲ್ಲಿ ಬೆಳಿಗ್ಗೆ ಬೆಳಿಗ್ಗೆ ಓಡುತ್ತಿದ್ದೆವು. ನಿವೃತ್ತರಾದ ಪಿ.ಟಿ. ಮೇಷ್ಟ್ರು ಪುಕ್ಕಟೆಯಾಗಿ ಕಲಿಸುತ್ತಿದ್ದರು. ನನ್ನನ್ನು ಹರದನಹಳ್ಳಿಯಿಂದ ಅಪ್ಪ ಗಾಡಿಯಲ್ಲಿ ತಂದು ಬಿಡುತ್ತಿದ್ದ. ನೀನು ಭೀಮನಬೀಡಿನಿಂದ ಹೊರಟು, ಗುಂಡ್ಲುಪೇಟೆಯಲ್ಲಿ ಇನ್ನೊಂದು ಬಸ್ಸು ಹತ್ತಿ ಬರಬೇಕಿತ್ತು. ಆದರೂ ಎಷ್ಟೋ ದಿನ ನನಗಿಂತ ಮುಂಚೆ ಬಂದು ಶೂ ಕಟ್ಟಿಕೊಳ್ಳುತ್ತ ಕೂತಿರುತ್ತಿದ್ದೆ. ನನಗೆ ಅದಕ್ಕೂ ಸಿಟ್ಟು.

ನೀನು ಮಂಡಿ ಬಗ್ಗಿಸದೆ ಬಾಗಿದರೆ ಅಂಗೈ ಎರಡೂ ನೆಲಕ್ಕೆ ತಾಗುತ್ತಿದ್ದವು. ನನ್ನ ಬೆರಳುಗಳು ಮೀನಖಂಡದ ಹತ್ತಿರವೇ ನಿಂತು ನಡುಗುತ್ತಿದ್ದವು. ಏನು ಹೇಳಿಕೊಡಬೇಕಾದರೂ ಮೇಷ್ಟ್ರು ನಿನ್ನನ್ನೇ ಮುಂದೆ ಕರೆಯುತ್ತಿದ್ದರು. ನಮ್ಮದು ಹೊಲ, ಬೋರ್‌ವೆಲ್, ಮಹಡಿ ಮನೆ ಇದ್ದ ಸಂಸಾರ. ನಿಮ್ಮಮ್ಮ ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದರು. ಕೂಲಿಯವರ ಮಗಳು ನನಗಿಂತ ಮುಂದೆ ಓಡುವುದೇ — ಇದನ್ನು ನಾನು ಬಾಯಿಬಿಟ್ಟು ಅಂದವಳಲ್ಲ. ಒಳಗೆ ಇದ್ದದ್ದು ಮಾತ್ರ ಅದೇ. ಇಷ್ಟು ವರ್ಷದ ಮೇಲೆ ಅದನ್ನೂ ಮುಚ್ಚಿಡಲಾರೆ.

ಎಲ್ಲಕ್ಕಿಂತ ಹೆಚ್ಚು ಉರಿ ಹತ್ತಿಸಿದ್ದು ಯಾವುದು ಗೊತ್ತೇ? ಕೊನೆಯ ಸುತ್ತಿನಲ್ಲಿ ನಾನು ಏದುಸಿರು ಬಿಡುತ್ತ ಹಿಂದೆ ಬಿದ್ದಾಗ ನೀನು ನಿಧಾನ ಮಾಡಿ ನನ್ನ ಪಕ್ಕದಲ್ಲಿ ಓಡುತ್ತಿದ್ದೆಯಲ್ಲ, ಅದು. ನೀನು ಸ್ನೇಹಕ್ಕೆಂದು ಮಾಡುತ್ತಿದ್ದೆ. ನನಗೆ ಮಾತ್ರ ನೀನು ನನ್ನನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿರುವಂತೆ ಕಾಣುತ್ತಿತ್ತು.

ಮೇಷ್ಟ್ರ ನಿಯಮಗಳು ನಿನಗೆ ಬಾಯಿಪಾಠ. ತಣ್ಣಗಿರುವ ಮೈಯನ್ನು ಎಳೆಯಬಾರದು, ಎರಡು ಸುತ್ತು ಓಡಿ ಕತ್ತಿನಲ್ಲಿ ಬೆವರು ಕಂಡ ಮೇಲೇ ಸ್ಟ್ರೆಚಿಂಗ್. ಜಗ್ಗಬಾರದು, ಉಸಿರು ಹಿಡಿಯಬಾರದು. ಆಮೇಲೆ ಜೋಡಿ ಕಟ್ಟಿ ಮಾಡುವ ವ್ಯಾಯಾಮ — ಒಬ್ಬಳು ಅಂಗಾತ ಮಲಗಿ ಕಾಲು ನೆಟ್ಟಗೆ ಎತ್ತಬೇಕು, ಇನ್ನೊಬ್ಬಳು ಹಿಮ್ಮಡಿ ಹಿಡಿದು ತಲೆಯ ಕಡೆಗೆ ಮೆಲ್ಲಗೆ ಒತ್ತಬೇಕು, ಎಲ್ಲರೂ ಗಟ್ಟಿಯಾಗಿ ಇಪ್ಪತ್ತರವರೆಗೆ ಎಣಿಸಬೇಕು. ಇದನ್ನು ಮಾಡಿಸುವಾಗೆಲ್ಲ ಮೇಷ್ಟ್ರು ತಪ್ಪದೆ ಹೇಳುತ್ತಿದ್ದ ಮಾತು ಒಂದೇ.

"ಮನಗಿರೋಳು ಸಾಕು ಅಂದ್ಮೇಲೆ ಒಂದು ಎಣಿಕೆನೂ ಇಲ್ಲ ಕಣ್ರಮ್ಮಿ. ಕೈ ಬುಟ್ಬುಡಬೇಕು."

ಓಟದ ಪರೀಕ್ಷೆಗೆ ಇನ್ನು ಹತ್ತು ದಿನವಿತ್ತು. ಅಂದು ನನ್ನನ್ನು ಕರೆದುಕೊಂಡು ಹೋಗಲು ಬಂದ ಅಪ್ಪ, ಗಾಡಿ ನಿಲ್ಲಿಸಿಕೊಂಡು ನಿನ್ನ ಓಟವನ್ನೇ ನೋಡುತ್ತಿದ್ದ. ಮನೆ ಮುಟ್ಟಿ ಗಾಡಿಯಿಂದ ಇಳಿಯುವಾಗ ಮೆಲ್ಲಗೆ ಅಂದ: "ಓಟ ಅಂದ್ರೆ ಆ ಹುಡ್ಗೀದು ಕಣಮ್ಮಿ."

ಮರುದಿನ ನಿನ್ನ ಬಸ್ಸು ತಡವಾಯಿತು. ಚಳಿ ಬೇರೆ. ನಾವೆಲ್ಲ ಓಡಿ ಮುಗಿಸಿ ಜೋಡಿ ಕಟ್ಟುವ ಹೊತ್ತಿಗೆ ನೀನು ಬಂದೆ. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಎರಡು ಸುತ್ತು ಓಡಿಬಿಟ್ಟು ಬರುತ್ತೇನೆ, ಬಸ್ಸಿನಲ್ಲಿ ಕೂತು ಕೂತು ಕಾಲು ಮರಗಟ್ಟಿವೆ ಎಂದೆ ನೀನು. ಬೇಡ, ಮೇಷ್ಟ್ರು ಬಂದರೆ ತಡವಾಯಿತೆಂದು ಬೈಯುತ್ತಾರೆ, ನಿನಗೇನು ಮೈ ರಬ್ಬರಿನ ಹಾಗಿದೆ, ಮಲಗು ಎಂದವಳು ನಾನು. ನೀನು ನಕ್ಕು ಮಲಗಿದೆ. ನಾನು ಕಾಲು ಹಿಡಿದೆ. ನಮ್ಮ ಅಕ್ಕಪಕ್ಕದಲ್ಲಿ ಎಣಿಕೆ ಶುರುವಾಯಿತು.

ಹನ್ನೊಂದಕ್ಕೆ ನೀನು, "ಸಾಕು, ಬುಡಮ್ಮಿ" ಎಂದೆ.

ಹನ್ನೆರಡು. ಹದಿಮೂರು. ಹದಿನಾಲ್ಕು — ಆಗ ನಾನು ಏನು ಯೋಚಿಸುತ್ತಿದ್ದೆ? ಕಾಲು ಕೆಡಲಿ ಎಂದೇ? ಅಷ್ಟು ಸ್ಪಷ್ಟವಾಗಿ ಅಂದುಕೊಂಡೆನೋ ಇಲ್ಲವೋ, ಈಗ ಎಷ್ಟು ಕೆದಕಿದರೂ ತಿಳಿಯದು. ಇವಳಿಗೂ ಒಂದು ಸಲ ನೋಯಲಿ, ನೋವೆಂದರೇನು ಗೊತ್ತಾಗಲಿ — ಇಷ್ಟಂತೂ ಅಂದುಕೊಂಡೆ. ನಿನ್ನ ತೊಡೆಯ ಹಿಂದೆ ಏನೋ ಪಟ್ಟನೆ ಬಿಟ್ಟುಕೊಂಡದ್ದು ನನ್ನ ಕೈಗೆ ತಿಳಿಯಿತು. ನೀನು ಪಕ್ಕಕ್ಕೆ ಹೊರಳಿ ಹುಲ್ಲು ಹಿಡಿದುಕೊಂಡೆ.

ಮೇಷ್ಟ್ರು ಬಂದು ಏನಾಯಿತೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ, "ನಂದೇ ತಪ್ಪು ಸಾರ್. ಓಡ್ದೆ ಮನೀಕಂಬುಟ್ಟೆ." ಆಮೇಲೆ ನನ್ನ ಕಡೆ ತಿರುಗಿ, ಎಲ್ಲರೂ ಎಣಿಸುತ್ತಿದ್ದರಲ್ಲ, ನಿನಗೆ ಕೇಳಿಸಿರುವುದಿಲ್ಲ ಬಿಡು ಎಂದು ನನ್ನನ್ನೇ ಸಮಾಧಾನ ಮಾಡಿದೆ. ನಾನು ಹೌದೆಂದು ತಲೆಯಾಡಿಸಿದೆ. ಒತ್ತಿದ್ದು ಮೂರು ಎಣಿಕೆಯ ತಪ್ಪು. ತಲೆಯಾಡಿಸಿದ್ದು ಏಳು ವರ್ಷದ ತಪ್ಪು.

ಪರೀಕ್ಷೆಯ ದಿನ ನೀನು ಕುಂಟುತ್ತ ಬಂದು ನನ್ನ ಬ್ಯಾಗು, ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದೆ. ನಾನು ಹೇಗೋ ಮುಗಿಸಿದೆ. ಆಯ್ಕೆ ಪಟ್ಟಿಯ ತೀರ ಕೆಳಗೆ ನನ್ನ ಹೆಸರಿತ್ತು — ನೀನು ಓಡಿದ್ದರೆ ಅಲ್ಲಿ ಯಾರ ಹೆಸರಿರುತ್ತಿತ್ತೋ. ನಿಮ್ಮಮ್ಮನ ಕೂಲಿ ತಪ್ಪಿಸುವ ಕೆಲಸ ಅದು ಎಂದು ನೀನು ಹೇಳಿಕೊಂಡಿದ್ದು ನನಗೊಬ್ಬಳಿಗೇ. ಮತ್ತೊಮ್ಮೆ ಅರ್ಜಿ ಕರೆದಾಗ ನೀನು ಓಡಿ ನೋಡಿದೆ, ಅರ್ಧಕ್ಕೇ ಅದೇ ಕಾಲು ಹಿಡಿದುಕೊಂಡಿತು. ನಾನು ಬಂಡೀಪುರದಲ್ಲಿ ಖಾಕಿ ಹಾಕಿಕೊಂಡು ಓಡಾಡುತ್ತಿದ್ದೇನೆ. ನೀನು ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಆಟದ ಮೇಡಂ. ನಿಮ್ಮಮ್ಮ ಈಗಲೂ ಕಳೆ ಕೀಳಲು ಹೋಗುತ್ತಾರೆ.

ಕಳೆದ ಭಾನುವಾರ ನೀನು ಕರೆದೆ ಎಂದು ನಿನ್ನ ಮೈದಾನಕ್ಕೆ ಬಂದೆ. ಹದಿನೈದು ಹುಡುಗಿಯರು ನಿನ್ನ ಸುತ್ತ ಅಂಟಿಕೊಂಡು ಕೂತಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗಲೂ ಹೊಟ್ಟೆ ಉರಿಯಿತು. ಗಾರ್ಡ್ ಆದವಳು ನಾನು, ಆದರೂ ಅವರು ನೋಡುತ್ತಿದ್ದದ್ದು ನಿನ್ನನ್ನೇ. ನೀನು ಅವರಿಗೆ ನಿನ್ನ ಕಾಲಿನ ಕಥೆ ಹೇಳಿದೆ: ಓಡದೆ, ಮೈ ಬಿಸಿ ಮಾಡದೆ ಮಲಗಿ, ಕೈಗೆ ಬಂದ ಕೆಲಸ ಕಳೆದುಕೊಂಡ ಒಬ್ಬ ದಡ್ಡಿಯ ಕಥೆ. ಎಲ್ಲರೂ ನಕ್ಕರು, ನೀನೂ ನಕ್ಕೆ. ಹೊಸಬರು ಬಂದಾಗಲೆಲ್ಲ ಈ ಕಥೆ ಹೇಳುತ್ತೀಯಂತೆ.

ಆಮೇಲೆ ತೋರಿಸಿಕೊಡಲು ನನ್ನನ್ನೇ ಮಲಗಿಸಿದೆ. ನನ್ನ ಹಿಮ್ಮಡಿ ಹಿಡಿದು ಒತ್ತಿದೆ. ಎಣಿಕೆ ಶುರುವಾಯಿತು. ತೊಡೆ ಬಿಗಿಯಿತು, ನೋಯಲು ಹತ್ತಿತು. ನಾನು ಸಾಕು ಎನ್ನಲಿಲ್ಲ. ಎನ್ನಬಾರದೆಂದೇ ಹಲ್ಲು ಕಚ್ಚಿ ಮಲಗಿದ್ದೆ — ಒತ್ತಲಿ, ಇನ್ನೂ ಒತ್ತಲಿ, ಒಂದು ಸಲ ತೀರಿಹೋಗಲಿ ಎಂದು. ನೀನು ಒಂಬತ್ತಕ್ಕೇ ಕೈ ಬಿಟ್ಟೆ. ಈ ಅಕ್ಕ ಏನೂ ಹೇಳಲೇ ಇಲ್ಲವಲ್ಲ ಮೇಡಂ ಎಂದು ಒಬ್ಬ ಹುಡುಗಿ ಕೇಳಿದಳು.

"ಬಾಯಲ್ಲಿ ಏಳ್ಬೇಕಾ? ಇಡ್ಕಂಡಿರೋ ಕೈಗೆ ಗೊತ್ತಾಯ್ತದೆ ಕಣಮ್ಮಿ."

ಹೌದು ಸವಿತಾ, ಗೊತ್ತಾಗುತ್ತದೆ. ನನ್ನ ಕೈಗೂ ಗೊತ್ತಾಗಿತ್ತು.

ಕ್ಷಮಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಆಗ ಕೊನೆಯ ಸುತ್ತಿನಲ್ಲಿ ನನ್ನ ಪಕ್ಕ ಓಡಿದ ಹಾಗೆಯೇ ಆಗುತ್ತದೆ. ಬರುವ ಭಾನುವಾರ ಮೊದಲ ಬಸ್ಸಿಗೇ ಬರುತ್ತೇನೆ. ಹುಡುಗಿಯರನ್ನು ಕೂರಿಸಿರು. ಕಾಲಿನ ಕಥೆಯನ್ನು ಈ ಸಲ ನಾನು ಹೇಳುತ್ತೇನೆ. ಅದರಲ್ಲಿರುವ ದಡ್ಡಿಯನ್ನು ತೆಗೆದುಹಾಕಿ, ಹನ್ನೊಂದಕ್ಕೆ ಸಾಕು ಎಂದವಳನ್ನೂ ಹದಿನಾಲ್ಕರವರೆಗೆ ಒತ್ತಿದವಳನ್ನೂ ಅವರಿಗೆ ತೋರಿಸುತ್ತೇನೆ.